ಬೆನ್ನಿನ ಮಣಕಿನಲ್ಲಿ ‘ಗ್ಯಾಪ್’ ಬಂದರೆ ಹಾಸಿಗೆಯೇ ಗತಿಯೇ? ನಡ ನೋವು, ಕುತ್ತಿಗೆ ನೋವಿನ ನಂಬಿಕೆ ಮತ್ತು ನಿಜ

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಸೋಯಾ ಕೊಯ್ಲು ಮುಗಿಯುವ ಹೊತ್ತಿಗೆ ಮನೆಮನೆಯಲ್ಲೂ ಕೇಳಿಬರುವ ಮಾತೊಂದಿದೆ: “ನಡ ಹಿಡದದ.” ದಿನವಿಡೀ ಕುಡುಗೋಲು ಹಿಡಿದು ಬಗ್ಗಿ ಕೊಯ್ದವರು, ಚೀಲ ಹೊತ್ತವರು, ರಾಷ್ಟ್ರೀಯ ಹೆದ್ದಾರಿ 65ರಲ್ಲಿ ರಾತ್ರಿಯೆಲ್ಲ ಲಾರಿ ಓಡಿಸಿದವರು, ಹೊಲಿಗೆ ಯಂತ್ರದ ಮುಂದೆ ಕೂತವರು, ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿದವರು, ಎಲ್ಲರದೂ ಒಂದೇ ದೂರು. ಕೆಲವರಿಗೆ ನಡ, ಕೆಲವರಿಗೆ ಕುತ್ತಿಗೆ, ಇನ್ನು ಕೆಲವರಿಗೆ ನಡದಿಂದ ಕಾಲಿನವರೆಗೆ ಸೆಳೆತ.

ನೋವು ವಾರ ಕಳೆದರೂ ಹೋಗದಿದ್ದರೆ ಎಕ್ಸ್-ರೇ ಅಥವಾ ಎಂಆರ್‌ಐ ಮಾಡಿಸುತ್ತಾರೆ. “ಮಣಕಿನಾಗ ಗ್ಯಾಪ್ ಬಂದದ” ಎಂಬ ಮಾತು ಕಿವಿಗೆ ಬೀಳುವುದು ಆಗಲೇ. ಅಲ್ಲಿಂದ ಮನೆಯ ಲೆಕ್ಕವೇ ಬದಲಾಗುತ್ತದೆ. ಹೊಲಕ್ಕೆ ಹೋಗುವುದು ನಿಲ್ಲುತ್ತದೆ, ಕೂಲಿ ನಿಲ್ಲುತ್ತದೆ. ಸೊಂಟಕ್ಕೆ ಬೆಲ್ಟ್ ಬರುತ್ತದೆ. ನೋವಿನ ಮಾತ್ರೆ ದಿನಚರಿಯಾಗುತ್ತದೆ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಲು ಸಾಲ ಮಾಡುವ ಮಾತು ಶುರುವಾಗುತ್ತದೆ.

ಹಾಗಾದರೆ ಈ ‘ಗ್ಯಾಪ್’ ಎಂದರೇನು? ಅದು ಅಷ್ಟು ಹೆದರಬೇಕಾದ ಸಂಗತಿಯೇ? ನಡ ಹಿಡಿದಾಗ ಮಲಗಬೇಕೋ, ನಡೆಯಬೇಕೋ? ಒಂದೊಂದಾಗಿ ನೋಡೋಣ.

ಬೆನ್ನುಮೂಳೆಯ ರಚನೆ ಹೇಗಿದೆ?

ಬೆನ್ನುಮೂಳೆ ಒಂದೇ ಮೂಳೆಯಲ್ಲ. ಈ ಭಾಗದಲ್ಲಿ ನಾವು ‘ಮಣಕಾ’ ಎನ್ನುವ ಕಶೇರುಮಣಿಗಳ ಸಾಲು ಅದು. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ನಡದಲ್ಲಿ 5, ಹೀಗೆ ಒಟ್ಟು 24 ಮಣಿಗಳು ಅಲುಗಾಡುತ್ತವೆ. ಅವುಗಳ ಕೆಳಗಿನ ತ್ರಿಕಾಸ್ಥಿ ಮತ್ತು ಬಾಲದ ಮೂಳೆಗಳ ಮಣಿಗಳು ಬೆಳೆಯುತ್ತಾ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ.

ಮಣಿ ಮಣಿಗಳ ನಡುವೆ ಡಿಸ್ಕ್ ಇರುತ್ತದೆ. ಅದರ ಹೊರಪದರ ಗಟ್ಟಿ ನಾರಿನದು, ಒಳಗೆ ನೀರಿನಂಶ ಹೆಚ್ಚಿರುವ ಮೆತ್ತನೆಯ ತಿರುಳು. ಹಗಲೆಲ್ಲ ನಿಂತು, ಕೂತು, ಭಾರ ಹೊತ್ತಾಗ ಈ ತಿರುಳಿನಿಂದ ಸ್ವಲ್ಪ ನೀರು ಹೊರಹೋಗುತ್ತದೆ. ರಾತ್ರಿ ಮಲಗಿದಾಗ ಅದು ಮತ್ತೆ ತುಂಬಿಕೊಳ್ಳುತ್ತದೆ. ಹಾಗಾಗಿಯೇ ನಾವೆಲ್ಲ ಬೆಳಿಗ್ಗೆ ಇದ್ದುದಕ್ಕಿಂತ ಸಂಜೆಗೆ ಒಂದು ಸೆಂಟಿಮೀಟರಿನಷ್ಟು ಗಿಡ್ಡವಾಗಿರುತ್ತೇವೆ.

ಈ ಮಣಿಗಳನ್ನು ಬಿಗಿಯಾದ ಅಸ್ಥಿರಜ್ಜುಗಳು ಕಟ್ಟಿ ಹಿಡಿದಿವೆ, ಸುತ್ತ ದಪ್ಪ ಸ್ನಾಯುಗಳಿವೆ. ಬಗ್ಗಿದ ಮಾತ್ರಕ್ಕೆ ಮಣಿ ತನ್ನ ಜಾಗ ಬಿಟ್ಟು ಸರಿಯುವುದಿಲ್ಲ. ದೊಡ್ಡ ಅಪಘಾತವಾದಾಗ ಅಥವಾ ಕೆಲವು ನಿರ್ದಿಷ್ಟ ಕಾಯಿಲೆಗಳಲ್ಲಿ ಮಾತ್ರ ಮಣಿ ಸರಿಯುತ್ತದೆ.

‘ಗ್ಯಾಪ್’ ಎಂದರೆ ನಿಜವಾಗಿ ಏನು?

ಹೆಚ್ಚಿನವರು ‘ಗ್ಯಾಪ್ ಬಂದಿದೆ’ ಎಂದರೆ ಮಣಿಗಳು ಬಿಟ್ಟುಕೊಂಡಿವೆ, ನಡುವೆ ಖಾಲಿ ಜಾಗವಾಗಿದೆ ಎಂದುಕೊಳ್ಳುತ್ತಾರೆ. ಆಗಿರುವುದು ಇದಕ್ಕೆ ತದ್ವಿರುದ್ಧ. ವಯಸ್ಸಾದಂತೆ ಡಿಸ್ಕಿನ ನೀರು ಕಡಿಮೆಯಾಗಿ ಅದು ತೆಳುವಾಗುತ್ತದೆ. ಆಗ ಎರಡು ಮಣಿಗಳ ನಡುವಿನ ಜಾಗ ಕಿರಿದಾಗುತ್ತದೆ. ಎಕ್ಸ್-ರೇ ವರದಿಯಲ್ಲಿ ಬರೆದಿರುವುದು ಸಾಮಾನ್ಯವಾಗಿ ಇದನ್ನೇ. ಬಾಯಿಂದ ಬಾಯಿಗೆ ಬರುವಾಗ ‘ಗ್ಯಾಪ್ ಕಡಿಮೆಯಾಗಿದೆ’ ಎಂಬುದು ‘ಗ್ಯಾಪ್ ಬಂದಿದೆ’ ಎಂದಾಗಿಬಿಟ್ಟಿದೆ.

ಇನ್ನೊಂದು ಮುಖ್ಯ ಸಂಗತಿ ಇದೆ. ಈ ಬದಲಾವಣೆ ನೋವಿಲ್ಲದವರಲ್ಲೂ ಇರುತ್ತದೆ. ಬೆನ್ನು ನೋವೇ ಇಲ್ಲದ 3110 ಜನರ ಸ್ಕ್ಯಾನ್‌ಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 20ರ ವಯಸ್ಸಿನವರಲ್ಲೇ ಶೇ. 37ರಷ್ಟು ಮಂದಿಗೆ ಡಿಸ್ಕ್ ಸವೆತದ ಲಕ್ಷಣವಿತ್ತು. 50ರ ವಯಸ್ಸಿನಲ್ಲಿ ಇದು ಶೇ. 80, 80ರ ವಯಸ್ಸಿನಲ್ಲಿ ಶೇ. 96. ಡಿಸ್ಕ್ ಉಬ್ಬಿರುವುದು 50ರ ವಯಸ್ಸಿನ ಶೇ. 60ರಷ್ಟು ಜನರಲ್ಲಿ ಕಂಡಿತು. ಇವರಲ್ಲಿ ಯಾರಿಗೂ ನೋವಿರಲಿಲ್ಲ.

ಅಂದರೆ ತಲೆಗೂದಲು ಬೆಳ್ಳಗಾಗುವಂತೆ ಡಿಸ್ಕ್ ತೆಳುವಾಗುವುದೂ ವಯಸ್ಸಿನ ಗುರುತು. ನಿಮಗೆ 50 ವರ್ಷ, ನಡ ನೋಯುತ್ತಿದೆ, ಸ್ಕ್ಯಾನ್‌ನಲ್ಲಿ ಸವೆತ ಕಂಡಿದೆ ಎಂದಾದರೆ ನೋವಿಗೆ ಆ ಸವೆತವೇ ಕಾರಣ ಎಂದು ಹೇಳಲಾಗದು. ನೋವು ಬರುವ ಮೊದಲೂ ಅದು ಅಲ್ಲೇ ಇದ್ದಿರಬಹುದು. ಅಪಾಯದ ಲಕ್ಷಣಗಳಿಲ್ಲದಿದ್ದರೆ ಮೊದಲ ಕೆಲವು ವಾರ ಸ್ಕ್ಯಾನ್ ಬೇಡ ಎಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದು ಇದೇ ಕಾರಣಕ್ಕೆ.

ಹಾಗಾದರೆ ನೋವು ಎಲ್ಲಿಂದ ಬರುತ್ತದೆ?

ಸ್ನಾಯು, ರಜ್ಜು, ಸಣ್ಣ ಕೀಲುಗಳು, ಡಿಸ್ಕಿನ ಹೊರಪದರ, ಇವುಗಳಲ್ಲಿ ಯಾವುದರಿಂದಲಾದರೂ ನೋವು ಬರಬಹುದು. ಹೆಚ್ಚಿನ ನಡ ನೋವುಗಳಲ್ಲಿ ಇಂಥದ್ದೇ ಜಾಗ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅಭ್ಯಾಸವಿಲ್ಲದ ದುಡಿಮೆ ಒಮ್ಮೆಲೇ ಬಿದ್ದಾಗ, ಸರಿಯಾಗಿ ನಿದ್ದೆಯಿಲ್ಲದಾಗ, ಮನಸ್ಸಿನಲ್ಲಿ ಚಿಂತೆ ತುಂಬಿದ್ದಾಗ ನೋವು ಹೆಚ್ಚುತ್ತದೆ. ಬೀಡಿ, ಸಿಗರೇಟ್ ಸೇದುವವರಲ್ಲೂ ಬೆನ್ನು ನೋವು ಹೆಚ್ಚು.

ಡಿಸ್ಕಿನ ತಿರುಳು ಹೊರಪದರವನ್ನು ಸೀಳಿಕೊಂಡು ಬಂದು ನರಕ್ಕೆ ತಾಗಿದರೆ ಮಾತ್ರ ನೋವಿನ ರೀತಿ ಬೇರೆ. ಆಗ ಪೃಷ್ಠದಿಂದ ಮೊಣಕಾಲಿನ ಕೆಳಗಿನವರೆಗೆ ಕರೆಂಟ್ ಹೊಡೆದಂಥ ಸೆಳೆತ ಇರುತ್ತದೆ. ಇದೇ ಸಯಾಟಿಕಾ. ಇದರಲ್ಲೂ ಸಮಾಧಾನದ ಸಂಗತಿ ಇದೆ. ಹೊರಬಂದ ತಿರುಳನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುವುದು ಸಾಮಾನ್ಯ. ಹೆಚ್ಚಿನವರು ಶಸ್ತ್ರಚಿಕಿತ್ಸೆ ಇಲ್ಲದೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಉಳುಕು ತೆಗೆಸಿದರೆ ಕಡಿಮೆಯಾಗುತ್ತದೆಯಲ್ಲ, ಅದು ಸುಳ್ಳೇ?

ಕಾಲು ಮುಂದಾಗಿ ಹುಟ್ಟಿದವರಿಂದ ನಡಕ್ಕೆ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ಹಳೆಯದು. ಉಳುಕು ತೆಗೆಯುವವರು, ನರ ಎಳೆಯುವವರು, ಎಣ್ಣೆ ಹಚ್ಚಿ ತಿಕ್ಕುವವರು ಊರಿಗೊಬ್ಬರಾದರೂ ಇರುತ್ತಾರೆ. “ಅವರ ಹತ್ರ ಹೋದ ಮೇಲೆ ಎರಡೇ ದಿನಕ್ಕೆ ಕಡಿಮೆಯಾಯ್ತು” ಎನ್ನುವವರು ಸುಳ್ಳು ಹೇಳುತ್ತಿಲ್ಲ.

ಆದರೆ ಲೆಕ್ಕ ಹೀಗಿದೆ. ದಿಢೀರನೆ ಬಂದ ನಡ ನೋವು ಬಹುಪಾಲು ಜನರಲ್ಲಿ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ತಾನಾಗಿಯೇ ಗಣನೀಯವಾಗಿ ಇಳಿಯುತ್ತದೆ. ನಾವು ಮದ್ದು ಹುಡುಕಿ ಹೊರಡುವುದು ನೋವು ತೀರಾ ಜೋರಾದ ದಿನ. ಅಲ್ಲಿಂದ ಮುಂದೆ ನೋವು ಇಳಿಯುವ ಸರದಿಯೇ ಇರುತ್ತದೆ. ಆ ದಿನ ಏನು ಮಾಡಿದರೂ ಹೆಸರು ಅದಕ್ಕೇ ಬರುತ್ತದೆ, ಅದು ಒದೆತವಿರಲಿ, ತಾಯಿತವಿರಲಿ, ಇಂಜೆಕ್ಷನ್ ಇರಲಿ.

ಹಗುರವಾಗಿ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡರೆ ಬಿಗಿದ ಸ್ನಾಯು ಸಡಿಲವಾಗಿ ಹಿತವೆನಿಸುತ್ತದೆ. ಅದಕ್ಕೆ ಅಡ್ಡಿಯಿಲ್ಲ. ಆದರೆ ಒದೆಸಿಕೊಳ್ಳುವುದು, ಬೆನ್ನ ಮೇಲೆ ಹತ್ತಿ ತುಳಿಸಿಕೊಳ್ಳುವುದು ಬೇಡ. ಮೂಳೆ ಟೊಳ್ಳಾಗಿರುವ ವಯಸ್ಸಾದವರಲ್ಲಿ, ಮುಖ್ಯವಾಗಿ ಮುಟ್ಟು ನಿಂತ ಹೆಂಗಸರಲ್ಲಿ, ಇದರಿಂದ ಮಣಿಯೇ ಮುರಿಯಬಹುದು.

ಕ್ಷೌರದಂಗಡಿಯಲ್ಲಿ ಕಟಿಂಗ್ ಮುಗಿದ ಮೇಲೆ ಕುತ್ತಿಗೆಯನ್ನು ಥಟ್ಟನೆ ತಿರುವಿ ‘ಲಟಕ್’ ಎನ್ನಿಸುವುದೂ ಅಪಾಯದ್ದೇ. ಮಿದುಳಿಗೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕುತ್ತಿಗೆಯ ಮಣಿಗಳಲ್ಲಿರುವ ರಂಧ್ರಗಳ ಮೂಲಕವೇ ಮೇಲಕ್ಕೆ ಹೋಗುತ್ತವೆ. ಜೋರಾಗಿ ತಿರುವಿದಾಗ ಆ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳಿವೆ. ಇದು ಅಪರೂಪ. ಆದರೆ ಒಂದು ಶಬ್ದದ ಖುಷಿಗಾಗಿ ಆ ಅಪಾಯ ಯಾಕೆ? “ಕುತ್ತಿಗೆ ಬೇಡ” ಎಂದು ಮೊದಲೇ ಹೇಳಿಬಿಡಿ.

ಮಲಗಿದರೆ ವಾಸಿಯಾಗುತ್ತದೆಯೇ?

ಹಿಂದೆ ವೈದ್ಯರೇ ವಾರಗಟ್ಟಲೆ ಮಲಗಿರಲು ಹೇಳುತ್ತಿದ್ದರು. ಈಗ ಹೇಳುವುದಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಗರಾಡಳಿತದ 186 ನೌಕರರ ಮೇಲೆ ನಡೆದ ಒಂದು ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಹೊಸದಾಗಿ ನಡ ನೋವು ಬಂದಿತ್ತು. ಒಂದು ಗುಂಪಿಗೆ ಎರಡು ದಿನ ಹಾಸಿಗೆಯಲ್ಲೇ ಇರಲು, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ ಮಾಡಲು, ಮೂರನೆಯದಕ್ಕೆ ನೋವು ಬಿಟ್ಟಷ್ಟು ಮಟ್ಟಿಗೆ ಎಂದಿನ ಓಡಾಟ ಮುಂದುವರಿಸಲು ಹೇಳಿದರು. ಬೇಗ ಚೇತರಿಸಿಕೊಂಡದ್ದು ಎಂದಿನಂತೆ ಓಡಾಡಿಕೊಂಡಿದ್ದ ಗುಂಪು. ಎಲ್ಲರಿಗಿಂತ ನಿಧಾನವಾದದ್ದು ಮಲಗಿದವರು.

ಇದಕ್ಕೆ ಕಾರಣವಿದೆ. ಡಿಸ್ಕಿಗೆ ನೇರ ರಕ್ತಸಂಚಾರ ತೀರಾ ಕಡಿಮೆ. ಅದಕ್ಕೆ ಪೋಷಣೆ ಮುಟ್ಟುವುದು ಅಕ್ಕಪಕ್ಕದ ಮೂಳೆಯಿಂದ ಒಸರುವ ಮೂಲಕ, ಚಲನೆ ಅದಕ್ಕೆ ನೆರವಾಗುತ್ತದೆ. ಮಲಗೇ ಇದ್ದರೆ ಸ್ನಾಯುಗಳು ಸೊರಗುತ್ತವೆ, ಕೀಲುಗಳು ಬಿಗಿಯುತ್ತವೆ. ಇದಕ್ಕಿಂತ ದೊಡ್ಡದು ಹೆದರಿಕೆ. ‘ಬಗ್ಗಿದರೆ ಗ್ಯಾಪ್ ಹೆಚ್ಚಾಗುತ್ತದೆ’ ಎಂಬ ಭಯ ಒಮ್ಮೆ ಹೊಕ್ಕರೆ ನೋವು ಇಳಿದ ಮೇಲೂ ಮನುಷ್ಯ ಬಗ್ಗುವುದನ್ನೇ ಬಿಡುತ್ತಾನೆ. ನೋವು ಜೋರಿದ್ದಾಗ ಒಂದೆರಡು ದಿನ ಆಗಾಗ ಅಡ್ಡಾಗಿ, ತಪ್ಪಿಲ್ಲ. ಆದರೆ ಗಂಟೆಗೊಮ್ಮೆಯಾದರೂ ಎದ್ದು ಮನೆಯೊಳಗೇ ನಾಲ್ಕು ಹೆಜ್ಜೆ ಹಾಕಿ.

ಬೆಲ್ಟ್ ಬಗ್ಗೆಯೂ ಇದೇ ಮಾತು. ದೀರ್ಘಕಾಲದ ನಡ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಬೆಲ್ಟನ್ನು ಚಿಕಿತ್ಸೆಯಾಗಿ ನೆಚ್ಚಿಕೊಳ್ಳಬಾರದು, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಬೇಡ ಎಂದು ಅದು ಹೇಳಿದೆ. ಅದು ಒತ್ತು ಕೊಟ್ಟಿರುವುದು ವ್ಯಾಯಾಮಕ್ಕೆ ಮತ್ತು ರೋಗಿಗೆ ಸರಿಯಾಗಿ ತಿಳಿಹೇಳುವುದಕ್ಕೆ. ಮೂಳೆ ಮುರಿದಾಗ, ಶಸ್ತ್ರಚಿಕಿತ್ಸೆಯಾದಾಗ ವೈದ್ಯರು ಹಾಕಿಸುವ ಬೆಲ್ಟಿನ ಮಾತು ಬೇರೆ.

ಮೊಬೈಲ್ ನೋಡಿದರೆ ಕುತ್ತಿಗೆ ಮೇಲೆ 27 ಕಿಲೋ ಭಾರವೇ?

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಈ ಚಿತ್ರವನ್ನು ನೀವೂ ನೋಡಿರಬಹುದು. ತಲೆಯ ತೂಕ 5 ಕಿಲೋ, 60 ಡಿಗ್ರಿ ಬಗ್ಗಿಸಿದರೆ ಅದು 27 ಕಿಲೋ ಆಗುತ್ತದೆ ಎಂದು ಬರೆದಿರುತ್ತದೆ. ಈ ಸಂಖ್ಯೆ ಬಂದದ್ದು 2014ರಲ್ಲಿ ಪ್ರಕಟವಾದ ಒಂದು ಕಂಪ್ಯೂಟರ್ ಲೆಕ್ಕಾಚಾರದಿಂದ. ಜನರ ಕುತ್ತಿಗೆಯಲ್ಲಿ ಅಳೆದದ್ದಲ್ಲ. ತಲೆ ಬಗ್ಗಿದಷ್ಟೂ ಕುತ್ತಿಗೆಯ ಹಿಂಭಾಗದ ಸ್ನಾಯುಗಳಿಗೆ ಕೆಲಸ ಹೆಚ್ಚುವುದು ನಿಜ. ಆದರೆ ಮೊಬೈಲ್ ನೋಡುವುದರಿಂದ ಮಣಿಗಳು ಹಾಳಾಗುತ್ತವೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿಲ್ಲ.

ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇರುವುದು ನಿಜವಾದ ತೊಂದರೆ. ಮೊಬೈಲ್ ನೋಡುವವರಿಗೂ, ಹೊಲಿಗೆ ಹಾಕುವವರಿಗೂ, ಕಂಪ್ಯೂಟರ್ ಮುಂದೆ ಕೂತವರಿಗೂ ಇದು ಅನ್ವಯಿಸುತ್ತದೆ. ಅರ್ಧ ಗಂಟೆಗೊಮ್ಮೆ ತಲೆ ಎತ್ತಿ, ಭುಜ ತಿರುಗಿಸಿ, ಎದ್ದು ನಿಲ್ಲಿ. ಮಲಗುವಾಗ ಎರಡೆರಡು ದಿಂಬು ಬೇಡ, ದಿಂಬೇ ಇಲ್ಲದೆ ಮಲಗಬೇಕೆಂಬ ನಿಯಮವೂ ಇಲ್ಲ. ಪಕ್ಕಕ್ಕೆ ಮಲಗಿದಾಗ ಭುಜ ಮತ್ತು ತಲೆಯ ನಡುವಿನ ಜಾಗ ತುಂಬುವಷ್ಟು ಎತ್ತರದ ದಿಂಬು ಸಾಕು. ನೆಲದ ಮೇಲೇ ಮಲಗಬೇಕಿಲ್ಲ. ತೀರಾ ತಗ್ಗು ಬೀಳದ ಹಾಸಿಗೆ ಯಾವುದಾದರೂ ಆದೀತು.

ಕೆಲಸ ಬಿಡದೆ ಬೆನ್ನು ಕಾಪಾಡುವುದು ಹೇಗೆ?

ದುಡಿಮೆಯನ್ನು ಕಾಯಕವೆಂದು ಎತ್ತಿ ಹಿಡಿದ ಶರಣರ ನೆಲ ಇದು. ಇಲ್ಲಿಯ ರೈತನಿಗೆ, ಹಮಾಲನಿಗೆ, “ಇನ್ನು ಭಾರ ಎತ್ತಬೇಡ, ಬಗ್ಗಬೇಡ” ಎಂದರೆ ಬದುಕಬೇಡ ಎಂದಂತೆ. ಬೆನ್ನು ದುಡಿಯಲಿಕ್ಕೇ ಇರುವ ಅಂಗ. ಅದಕ್ಕೆ ಬೇಕಾದ್ದು ಭಾರವನ್ನು ಹಂಚುವ ಜಾಣತನ.

1999ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಸ್ವಯಂಸೇವಕರೊಬ್ಬರ ನಡದ ಡಿಸ್ಕಿನೊಳಗೇ ಸೂಕ್ಷ್ಮ ಉಪಕರಣವಿಟ್ಟು ಒತ್ತಡ ಅಳೆದರು. ಮಲಗಿದಾಗ ಇದ್ದ ಒತ್ತಡ ನಿಂತಾಗ ಐದು ಪಟ್ಟಾಯಿತು. ಬೆನ್ನು ಗುಂಡಗೆ ಬಗ್ಗಿಸಿ 20 ಕಿಲೋ ಎತ್ತಿದಾಗ ಅದು ನಿಂತಾಗಿನ ಒತ್ತಡದ ನಾಲ್ಕೂವರೆ ಪಟ್ಟು ದಾಟಿತು. ಅದೇ 20 ಕಿಲೋವನ್ನು ಮೈಗೆ ಒತ್ತಿ ಹಿಡಿದು ನಿಂತಾಗ ಸುಮಾರು ಎರಡು ಪಟ್ಟು ಮಾತ್ರ ಇತ್ತು. ಒಬ್ಬರ ಮೇಲಿನ ಅಳತೆಯಾದರೂ ಇದರ ಪಾಠ ಸರಳ: ಭಾರ ಮೈಗೆ ಹತ್ತಿರವಿದ್ದಷ್ಟೂ ಬೆನ್ನಿಗೆ ಹಗುರ.

* ಚೀಲ ಎತ್ತುವಾಗ: ಯೂರಿಯಾ ಚೀಲ 45 ಕಿಲೋ, ಡಿಎಪಿ ಚೀಲ 50 ಕಿಲೋ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎಲ್ಲ ಅನುಕೂಲವಿದ್ದಾಗಲೂ ಒಬ್ಬರು ಎತ್ತಬಹುದಾದ ಮಿತಿ 23 ಕಿಲೋ. ಹಾಗಾಗಿ ಚೀಲಕ್ಕೆ ಇಬ್ಬರು ಕೈ ಹಾಕಿ. ಮೊಣಕಾಲು ಮಡಚಿ, ಚೀಲವನ್ನು ಎದೆಗೆ ಒತ್ತಿಕೊಂಡು ಎದ್ದು ನಿಲ್ಲಿ. ಭಾರ ಹಿಡಿದು ನಡ ತಿರುಚಬೇಡಿ, ಪಾದವನ್ನೇ ತಿರುಗಿಸಿ.
* ಕೊಯ್ಲು, ಕಳೆ ತೆಗೆಯುವಾಗ: ಇಡೀ ಸಾಲು ಮುಗಿಯುವ ತನಕ ಬಗ್ಗಿಯೇ ಇರಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು, ಎರಡೂ ಕೈ ನಡಕ್ಕೆ ಕೊಟ್ಟು ಐದಾರು ಸಲ ನಿಧಾನವಾಗಿ ಹಿಂದಕ್ಕೆ ಬಾಗಿ.
* ಬೆಳಗಿನ ಜಾವ: ಎದ್ದ ತಕ್ಷಣ ಡಿಸ್ಕ್ ನೀರು ತುಂಬಿ ಬಿಗಿಯಾಗಿರುತ್ತದೆ. ತುಂಬಿದ ಕೊಡ, ಹಾಲಿನ ಕ್ಯಾನ್, ಮೇವಿನ ಹೊರೆ ಎತ್ತುವ ಮೊದಲು ಅರ್ಧ ಗಂಟೆ ಓಡಾಡಿ.
* ಲಾರಿ, ಟ್ರ್ಯಾಕ್ಟರ್ ಓಡಿಸುವವರು: ಗಾಡಿಯ ನಡುಕ ಬೆನ್ನಿಗೆ ಒಂದು ಭಾರವೇ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆಯಿರಿ. ನಡದ ಹಿಂದೆ ಸುರುಳಿ ಮಾಡಿದ ಟವೆಲ್ ಇಡಿ. ಹಿಂದಿನ ಜೇಬಿನ ದಪ್ಪ ಪರ್ಸ್ ತೆಗೆದಿಡಿ. ದೂರದ ಪ್ರಯಾಣ ಮುಗಿದೊಡನೆ ಮಾಲು ಇಳಿಸಲು ಕೈ ಹಾಕಬೇಡಿ.
* ರೊಟ್ಟಿ ಮಾಡುವವರು: ನೆಲದ ಮೇಲೆ ಬಗ್ಗಿ ಕೂರುವ ಬದಲು ಸಾಧ್ಯವಾದರೆ ಒಲೆ, ಕಲ್ಲನ್ನು ಕಟ್ಟೆಗೆ ಏರಿಸಿ. ಆಗದಿದ್ದರೆ ಮಣೆಯ ಮೇಲೆ ಕೂತು, ನಡುನಡುವೆ ಎದ್ದು ಬನ್ನಿ.

ದಿನಕ್ಕೆ ಹದಿನೈದು ನಿಮಿಷದ ವ್ಯಾಯಾಮ

1. ಅಂಗಾತ ಮಲಗಿ ಮೊಣಕಾಲು ಮಡಚಿ, ಪಾದ ಊರಿ ಸೊಂಟ ಎತ್ತಿ. ಐದು ಎಣಿಸಿ ಇಳಿಸಿ. ಹತ್ತು ಸಲ.
2. ಅಂಬೆಗಾಲಿನ ಭಂಗಿಯಲ್ಲಿ ಬೆನ್ನನ್ನು ಬೆಕ್ಕಿನಂತೆ ಮೇಲೆತ್ತಿ, ಮತ್ತೆ ತಗ್ಗಿಸಿ. ನಿಧಾನವಾಗಿ ಹತ್ತು ಸಲ.
3. ನೇರ ಕೂತು ಗದ್ದವನ್ನು ಹಿಂದಕ್ಕೆ ಸರಿಸಿ, ಐದು ಎಣಿಸಿ ಬಿಡಿ. ಕುತ್ತಿಗೆ ನೋವಿನವರಿಗೆ ಇದು ಹಿತ. ಹತ್ತು ಸಲ.
4. ಎಲ್ಲಕ್ಕಿಂತ ಸುಲಭ, ನಡಿಗೆ. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿಸ್ಟರ ಸಲಹೆಯಂತೆ ಕ್ರಮೇಣ ನಡಿಗೆ ಹೆಚ್ಚಿಸಿಕೊಂಡ ಗುಂಪಿನಲ್ಲಿ ನಡ ನೋವು ಮತ್ತೆ ಮರಳಲು ಹಿಡಿದ ಮಧ್ಯಮ ಅವಧಿ 208 ದಿನ. ಯಾವ ತರಬೇತಿಯೂ ಸಿಗದ ಗುಂಪಿನಲ್ಲಿ ಅದು 112 ದಿನ.

ಹೊಲದಲ್ಲಿ ದುಡಿಯುವವರಿಗೆ ವ್ಯಾಯಾಮ ಯಾಕೆ ಎಂದು ಕೇಳುವವರಿದ್ದಾರೆ. ದುಡಿಮೆಯಲ್ಲಿ ಒಂದೇ ಬಗೆಯ ಚಲನೆ ಸಾವಿರ ಸಲ ನಡೆಯುತ್ತದೆ. ವ್ಯಾಯಾಮ ಉಳಿದ ಸ್ನಾಯುಗಳನ್ನೂ ಗಟ್ಟಿಗೊಳಿಸುತ್ತದೆ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಕಾಲಿಗಿಳಿಯುವ ಸೆಳೆತ ಹೆಚ್ಚಿದರೆ ನಿಲ್ಲಿಸಿ, ವೈದ್ಯರನ್ನು ಕೇಳಿ.

ಬಿಸಿನೀರಿನ ಚೀಲದ ಕಾವು ಹದಿನೈದು ನಿಮಿಷ ಕೊಟ್ಟರೆ ಹಾಯೆನಿಸುತ್ತದೆ. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ನುಂಗಿ. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಹೆಸರಿಲ್ಲದ ಪುಡಿ, ಗುಳಿಗೆಗಳಿಂದ ಒಂದೇ ದಿನಕ್ಕೆ ನೋವು ಮಾಯವಾದರೆ ಖುಷಿಪಡುವ ಬದಲು ಅನುಮಾನಪಡಿ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಇರುತ್ತದೆ.

ಯಾವಾಗ ತಡಮಾಡಬಾರದು?

ಹೆಚ್ಚಿನ ನೋವು ಅಪಾಯದ್ದಲ್ಲ. ಆದರೆ ಕೆಳಗಿನವು ಇದ್ದರೆ ಮನೆಮದ್ದು, ವ್ಯಾಯಾಮ ಎಂದು ಕಾಯಬೇಡಿ.

* ಮೂತ್ರ ಕಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಿರುವುದು. ಇದು ತುರ್ತು ಸ್ಥಿತಿ. ಅದೇ ದಿನ ಆಸ್ಪತ್ರೆ ಸೇರಬೇಕು, ತಡವಾದರೆ ನರಗಳ ಹಾನಿ ಶಾಶ್ವತವಾಗಬಹುದು.
* ಕಾಲು ಅಥವಾ ಕೈಯ ಬಲ ಕುಂದುತ್ತಾ ಹೋಗುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರುವುದು, ನಡಿಗೆ ತೂರಾಡುವುದು.
* ಜ್ವರ, ರಾತ್ರಿ ಬೆವರು, ತೂಕ ಇಳಿಯುವುದರ ಜೊತೆಗೆ ಬೆನ್ನು ನೋವು. ಕ್ಷಯ ಶ್ವಾಸಕೋಶಕ್ಕೆ ಮಾತ್ರವಲ್ಲ, ಬೆನ್ನುಮೂಳೆಗೂ ಬರುತ್ತದೆ. ಬೇಗ ಪತ್ತೆಯಾದರೆ ಮಾತ್ರೆಯಿಂದಲೇ ಗುಣವಾಗುವ ಕಾಯಿಲೆ ಅದು, ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ.
* ಬಿದ್ದ ಮೇಲೆ ಅಥವಾ ಅಪಘಾತದ ನಂತರ ಬಂದ ನೋವು. ವಯಸ್ಸಾದವರಲ್ಲಿ ಸಣ್ಣ ಎಡವುವಿಕೆಯೂ ಸಾಕು.
* ಹಿಂದೆ ಕ್ಯಾನ್ಸರ್ ಬಂದಿದ್ದವರಲ್ಲಿ ಹೊಸ ಬೆನ್ನು ನೋವು.
* 45ರೊಳಗಿನವರಲ್ಲಿ ತಿಂಗಳುಗಟ್ಟಲೆ ಇರುವ, ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಮೈ ಬಿಗಿದು ಓಡಾಡಿದಂತೆ ಸಡಿಲವಾಗುವ ನೋವು. ಇದು ಉರಿಯೂತದ ಸಂಧಿವಾತ ಇರಬಹುದು.

ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಬೀದರ್‌ನ ಬ್ರಿಮ್ಸ್ ಅಥವಾ ಕಲಬುರಗಿಯ ಜಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ತುರ್ತಿದ್ದರೆ 108ಕ್ಕೆ ಕರೆ ಮಾಡಿ.

ಇವು ಯಾವುವೂ ಇಲ್ಲದಿದ್ದರೆ, ಯಾರಾದರೂ “ಗ್ಯಾಪ್ ಬಂದದ” ಎಂದಾಗ ಸಾಲಕ್ಕೆ ಓಡುವ ಮೊದಲು ವೈದ್ಯರನ್ನು ಮೂರು ಪ್ರಶ್ನೆ ಕೇಳಿ: “ನನ್ನ ನರ ನಿಜವಾಗಿಯೂ ಒತ್ತಿಕೊಂಡಿದೆಯೇ? ನನ್ನ ವಯಸ್ಸಿನವರಲ್ಲಿ ಈ ಸವೆತ ಸಹಜವೇ? ನಾನು ಯಾವ ವ್ಯಾಯಾಮ ಮಾಡಲಿ?” ಉತ್ತರ ಕೇಳಿಕೊಂಡು ಮನೆಗೆ ಬನ್ನಿ. ನೋವು ಬಿಟ್ಟಷ್ಟು ದೂರ ನಡೆಯಿರಿ. ಇವತ್ತು ಬಾಗಿಲ ತನಕ, ನಾಳೆ ಓಣಿಯ ತುದಿಯ ತನಕ, ಮುಂದಿನ ವಾರ ಹೊಲದ ತನಕ.